ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಅಮೆರಿಕದ ಫುಟ್‌ಬಾಲ್‌ನಲ್ಲಿ ಸೋಲಿನ ಹೊಣೆ ಯಾರದು?

1978ರ ನವೆಂಬರ್ 19, ಭಾನುವಾರ. ಅಮೆರಿಕದ ನ್ಯೂಜೆರ್ಸಿಯಲ್ಲಿರುವ ಜೈಂಟ್ಸ್ ಸ್ಟೇಡಿಯಂ. ನ್ಯೂಯಾರ್ಕ್ ಜೈಂಟ್ಸ್ ತಂಡ ಫಿಲಡೆಲ್ಫಿಯಾ ಈಗಲ್ಸ್ ಎದುರು 17–12ರಿಂದ ಮುಂದಿತ್ತು. ಆಟ ಮುಗಿಯಲು ಉಳಿದಿದ್ದು 31 ಸೆಕೆಂಡ್. ಚೆಂಡು ಜೈಂಟ್ಸ್ ಕೈಯಲ್ಲೇ ಇತ್ತು. ಗಡಿಯಾರ ನಿಲ್ಲಿಸೋಣವೆಂದರೆ ಈಗಲ್ಸ್ ಬಳಿ ಒಂದು ಟೈಮ್‌ಔಟ್ ಕೂಡ ಇರಲಿಲ್ಲ.

ಜೈಂಟ್ಸ್ ತಂಡದ ಜೋ ಪಿಸಾರ್ಸಿಕ್ ಚೆಂಡು ಹಿಡಿದುಕೊಂಡು ಒಂದು ಮಂಡಿ ನೆಲಕ್ಕೆ ಊರಿದ್ದರೆ ಪಂದ್ಯ ಗೆದ್ದಂತೆಯೇ ಇತ್ತು. ಅವರು ಹಾಗೆ ಮಾಡಲಿಲ್ಲ. ಪಕ್ಕದಿಂದ ಓಡಿ ಬರುತ್ತಿದ್ದ ಲ್ಯಾರಿ ಝೋಂಕಾ ಕೈಗೆ ಚೆಂಡು ಕೊಡಲು ಹೋದರು. ಚೆಂಡು ಝೋಂಕಾ ಸೊಂಟಕ್ಕೆ ತಾಗಿ ನೆಲಕ್ಕೆ ಬಿತ್ತು. ಪುಟಿದ ಚೆಂಡನ್ನು ಈಗಲ್ಸ್‌ನ ಹರ್ಮನ್ ಎಡ್ವರ್ಡ್ಸ್ ಬಾಚಿಕೊಂಡು 26 ಗಜ ಓಡಿ ಗೆರೆ ದಾಟಿಬಿಟ್ಟರು. ಈಗಲ್ಸ್ 19–17ರಿಂದ ಗೆದ್ದಿತು.

ಗೆದ್ದೇ ಬಿಟ್ಟಿದ್ದ ಪಂದ್ಯ ಹೋಯಿತು. ತಪ್ಪು ಯಾರದು? ಚೆಂಡು ಕೊನೆಗೆ ಯಾರ ಕೈಯಿಂದ ಜಾರಿತೋ ಅವರದ್ದೇ ಅನ್ನುವುದು ಸುಲಭ. ಅಮೆರಿಕದಲ್ಲಿ ಈ ಜಗಳ ಪ್ರತಿ ವರ್ಷ, ಪ್ರತಿ ವಾರ ನಡೆಯುತ್ತದೆ. ನಮಗೆ ಈ ಕಥೆ ಬೇಕಾಗಿರುವುದು ಆಟಕ್ಕಿಂತ ಹೆಚ್ಚಾಗಿ ಆ ಜಗಳಕ್ಕಾಗಿ. ಹತ್ತು ಜನ ಸೇರಿ ಮಾಡಿದ ಕೆಲಸ ಕೆಟ್ಟಾಗ ಹೊಣೆಯನ್ನು ಒಬ್ಬನ ತಲೆಗೆ ಕಟ್ಟುವುದು ಎಷ್ಟು ಸರಿ ಅನ್ನುವುದನ್ನು ಈ ಆಟದ ಇತಿಹಾಸ ಚೆನ್ನಾಗಿ ತೋರಿಸುತ್ತದೆ.

ಮೊದಲು ಆಟದ ಬಗ್ಗೆ ಎರಡು ಮಾತು

ನಮ್ಮಲ್ಲಿ ಫುಟ್‌ಬಾಲ್ ಅಂದರೆ ಕಾಲಲ್ಲಿ ಒದೆಯುವ ಆಟ. ಅಮೆರಿಕದವರು ಫುಟ್‌ಬಾಲ್ ಅನ್ನುವ ಆಟವೇ ಬೇರೆ. ಮೊಟ್ಟೆಯಂತೆ ಉದ್ದುದ್ದ ಚೆಂಡು, ತಲೆಗೆ ಹೆಲ್ಮೆಟ್, 100 ಗಜ ಉದ್ದದ ಅಂಕಣ, ಒಂದೊಂದು ಕಡೆ 11 ಮಂದಿ. ಚೆಂಡು ಇರುವ ತಂಡಕ್ಕೆ ನಾಲ್ಕು ಅವಕಾಶ. ಅಷ್ಟರಲ್ಲಿ 10 ಗಜ ಮುಂದಕ್ಕೆ ಹೋದರೆ ಮತ್ತೆ ಹೊಸದಾಗಿ ನಾಲ್ಕು ಸಿಗುತ್ತದೆ. ಹೀಗೆ ನುಗ್ಗುತ್ತಾ ಎದುರಾಳಿಯ ಕೊನೆಯ ಗೆರೆ ದಾಟಬೇಕು.

ಪ್ರತಿ ಸಲವೂ ಚೆಂಡು ಮೊದಲು ಬರುವುದು ಹೆಚ್ಚುಕಡಿಮೆ ಕ್ವಾರ್ಟರ್‌ಬ್ಯಾಕ್ ಅನ್ನುವ ಆಟಗಾರನ ಕೈಗೇ. ಅವನು ದೂರ ಓಡುತ್ತಿರುವ ಜೊತೆಗಾರನಿಗೆ ಎಸೆಯಬೇಕು, ಪಕ್ಕದವನ ಕೈಗೆ ಕೊಡಬೇಕು, ಇಲ್ಲವೇ ತಾನೇ ಓಡಬೇಕು. ಎದುರಿನ ಕಟ್ಟುಮಸ್ತಾದ ಆಳುಗಳು ಅವನನ್ನು ಕೆಡವಲು ನುಗ್ಗುತ್ತಾರೆ. ಅವನ ಕಡೆಯ ಐದಾರು ಮಂದಿ ಅಡ್ಡ ನಿಂತು ತಡೆಯುತ್ತಾರೆ. ಎಸೆಯಲು ಸಿಗುವುದು ಎರಡು ಮೂರು ಸೆಕೆಂಡ್ ಮಾತ್ರ.

ಎಸೆದ ಚೆಂಡನ್ನು ಎದುರಾಳಿ ಹಿಡಿದರೆ ಅದು ಇಂಟರ್‌ಸೆಪ್ಶನ್. ಕೈಯಿಂದ ಜಾರುವುದಕ್ಕೆ ಫಂಬಲ್ ಅನ್ನುತ್ತಾರೆ. ಹೀಗೆ ಯಾವ ರೀತಿಯಲ್ಲೇ ಆಗಲಿ ಚೆಂಡು ಎದುರಾಳಿಯ ಪಾಲಾದರೆ ಅದು ಟರ್ನೋವರ್. ಎದುರಾಳಿಗಿಂತ ಕಡಿಮೆ ಸಲ ಚೆಂಡು ಕಳೆದುಕೊಂಡ ತಂಡ ಹತ್ತರಲ್ಲಿ ಏಳಕ್ಕಿಂತ ಹೆಚ್ಚು ಪಂದ್ಯ ಗೆಲ್ಲುತ್ತದೆ. ಅಂದಮೇಲೆ ಸೋತಾಗ ಎಲ್ಲರ ಬೆರಳು ಕ್ವಾರ್ಟರ್‌ಬ್ಯಾಕ್ ಕಡೆ ತಿರುಗುವುದು ಸಹಜವೇ.

ಆದರೆ ಈ ಲೆಕ್ಕಕ್ಕೆ ಇನ್ನೊಂದು ಮುಖ ಇದೆ. ಹಿಂದೆ ಬಿದ್ದಿರುವ ತಂಡ ಬೇಗ ಅಂಕ ಗಳಿಸಬೇಕು. ಅದಕ್ಕೆ ದೂರದ ಎಸೆತ, ಅಪಾಯದ ಎಸೆತ ಬೇಕು. ಎದುರಾಳಿಗೂ ಅದು ಗೊತ್ತಿರುತ್ತದೆ, ಕಾದು ನಿಂತಿರುತ್ತಾನೆ. ಆಗ ಚೆಂಡು ಕೈತಪ್ಪುತ್ತದೆ. ಚೆಂಡು ಕಳೆದಿದ್ದಕ್ಕೆ ಸೋಲು ಬರುವುದುಂಟು, ಸೋಲು ಎದುರಿಗೆ ಬಂದಿದ್ದಕ್ಕೇ ಚೆಂಡು ಕಳೆಯುವುದೂ ಉಂಟು. ಮಾರನೇ ದಿನದ ಪೇಪರಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

ಮೊದಲ ಎಸೆತವೇ ಕೈತಪ್ಪಿತ್ತು

ಈ ಆಟದಲ್ಲಿ ಚೆಂಡನ್ನು ಮುಂದಕ್ಕೆ ಎಸೆಯುವುದಕ್ಕೆ ಮೊದಲು ಅವಕಾಶವೇ ಇರಲಿಲ್ಲ. ಗುಂಪುಗುಂಪಾಗಿ ತಳ್ಳಿಕೊಂಡು ಹೋಗುವುದೇ ಆಟವಾಗಿತ್ತು. 1905ರ ಒಂದೇ ಋತುವಿನಲ್ಲಿ 18–19 ಹುಡುಗರು ಸತ್ತರೆಂದು ಅಲ್ಲಿನ ಪತ್ರಿಕೆಗಳು ಬರೆದವು. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಆ ಅಕ್ಟೋಬರಿನಲ್ಲಿ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಗಳವರನ್ನು ಶ್ವೇತಭವನಕ್ಕೆ ಕರೆಸಿ ಆಟ ಸುಧಾರಿಸಿ ಎಂದರು. ಮರುವರ್ಷ, 1906ರಲ್ಲಿ, ಮುಂದಕ್ಕೆ ಎಸೆಯಲು ಒಪ್ಪಿಗೆ ಸಿಕ್ಕಿತು.

ಒಪ್ಪಿಗೆ ಕೊಟ್ಟವರು ಜೊತೆಗೆ ಒಂದು ಬರೆಯನ್ನೂ ಎಳೆದಿದ್ದರು. ಎಸೆದ ಚೆಂಡು ಯಾರನ್ನೂ ಮುಟ್ಟದೆ ನೆಲಕ್ಕೆ ಬಿದ್ದರೆ ಅದು ಎದುರಾಳಿಗೆ ಸೇರಬೇಕು ಅನ್ನುವ ನಿಯಮ ಅದು. ಈಗ ಅದೇ ಎಸೆತ ಬಿದ್ದರೆ ಒಂದು ಅವಕಾಶ ಹೋಗುತ್ತದೆ, ಅಷ್ಟೇ.

1906ರ ಸೆಪ್ಟೆಂಬರ್ 5ರಂದು ವಿಸ್ಕಾನ್ಸಿನ್ ರಾಜ್ಯದ ವಾಕಿಶಾ ಊರಲ್ಲಿ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದ ಬ್ರಾಡ್‌ಬರಿ ರಾಬಿನ್ಸನ್, ಕ್ಯಾರಲ್ ಕಾಲೇಜಿನ ವಿರುದ್ಧ ಚೆಂಡು ಎಸೆದರು. ನಿಯಮದ ಒಳಗೆ ಎಸೆದ ಮೊದಲ ಮುಂದೆಸೆತ ಎಂದು ಸಾಮಾನ್ಯವಾಗಿ ಹೇಳುವುದು ಇದನ್ನೇ. ಯಾರೂ ಹಿಡಿಯಲಿಲ್ಲ. ನಿಯಮದಂತೆ ಚೆಂಡು ಎದುರಾಳಿಯ ಪಾಲಾಯಿತು. ಮೊಟ್ಟಮೊದಲ ಎಸೆತವೇ ಟರ್ನೋವರ್!

ಕೋಚ್ ಎಡ್ಡಿ ಕೋಕೆಮ್ಸ್ ಅದಕ್ಕೆ ಎಸೆಯುವುದನ್ನು ನಿಲ್ಲಿಸಲಿಲ್ಲ. ಅದೇ ಪಂದ್ಯದಲ್ಲಿ ರಾಬಿನ್ಸನ್ ಮತ್ತೆ ಎಸೆದರು, ಜ್ಯಾಕ್ ಷ್ನೈಡರ್ ಹಿಡಿದು ಗೆರೆ ದಾಟಿದರು. ತಂಡ 22–0ಯಿಂದ ಗೆದ್ದಿತು. ಗೆದ್ದಿದ್ದರಿಂದ ಆ ಮೊದಲ ತಪ್ಪನ್ನು ಯಾರೂ ತಪ್ಪು ಅನ್ನಲಿಲ್ಲ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

42 ಸಲ ಚೆಂಡು ಕೊಟ್ಟವರು

ಇಲ್ಲಿಂದ ಅರ್ಧ ಶತಮಾನ ಮುಂದಕ್ಕೆ ಬರೋಣ. 1962ರಲ್ಲಿ ಹ್ಯೂಸ್ಟನ್ ಆಯಿಲರ್ಸ್ ತಂಡದ ಕ್ವಾರ್ಟರ್‌ಬ್ಯಾಕ್ ಜಾರ್ಜ್ ಬ್ಲಾಂಡಾ ಒಂದೇ ಋತುವಿನಲ್ಲಿ 42 ಇಂಟರ್‌ಸೆಪ್ಶನ್ ಎಸೆದರು. ಆ ದಾಖಲೆ ಇವತ್ತಿಗೂ ಮುರಿದಿಲ್ಲ. ಇಷ್ಟು ಕೇಳಿದರೆ ಆ ತಂಡ ನೆಲಕಚ್ಚಿರಬೇಕು ಅನ್ನಿಸುತ್ತದೆ. ಅವರು 14 ಪಂದ್ಯಗಳಲ್ಲಿ 11 ಗೆದ್ದು ಫೈನಲ್‌ಗೆ ಹೋದರು!

ಆಯಿಲರ್ಸ್ ಆಡುತ್ತಿದ್ದುದೇ ಆ ಬಗೆಯ ಆಟ. ದೂರ ಎಸೆಯುವುದು, ಹತ್ತು ಸಲಕ್ಕೆ ಒಂದೆರಡು ಕಳೆದುಕೊಂಡರೂ ಉಳಿದದ್ದರಲ್ಲಿ ಗೆಲ್ಲುವುದು. ಬ್ಲಾಂಡಾ ಎಸೆತದಿಂದ 27 ಸಲ ಜೊತೆಗಾರರು ಗೆರೆಯನ್ನೂ ದಾಟಿದ್ದರು. ಆ ಕಾಲದ ಮಾತೇ ಬೇರೆ. 1970ರ ದಶಕದವರೆಗೂ 100 ಎಸೆತಕ್ಕೆ ಸುಮಾರು ಐದು ಎದುರಾಳಿಯ ಕೈ ಸೇರುತ್ತಿದ್ದವು. ಎಸೆಯುವವರಿಗೆ, ಹಿಡಿಯುವವರಿಗೆ ಅನುಕೂಲವಾಗುವಂತೆ 1978ರಲ್ಲಿ ನಿಯಮ ಬದಲಾಯಿತು. ಆಟದ ಕ್ರಮವೂ ಬದಲಾಗುತ್ತಾ ಬಂತು. ಈಗ 100ಕ್ಕೆ ಎರಡರ ಆಸುಪಾಸಿಗೆ ಇಳಿದಿದೆ. ಇವತ್ತಿನ ಅಳತೆಗೋಲಿನಲ್ಲಿ ಬ್ಲಾಂಡಾರನ್ನು ಅಳೆದರೆ ಅನ್ಯಾಯವಾಗುತ್ತದೆ.

ಹಾಗೆಂದು ಅವರನ್ನು ಪೂರ್ತಿ ಬಿಡುವಂತೆಯೂ ಇಲ್ಲ. ಆ ವರ್ಷದ ಫೈನಲ್‌ನಲ್ಲಿ ಅವರು ಐದು ಸಲ ಚೆಂಡನ್ನು ಎದುರಾಳಿಗೆ ಎಸೆದರು. ಆಟ ಎರಡು ಹೆಚ್ಚುವರಿ ಅವಧಿಗೆ ಎಳೆದು, ಡಲ್ಲಾಸ್ ಟೆಕ್ಸನ್ಸ್ 20–17ರಿಂದ ಗೆದ್ದಿತು. ಮೂರು ಅಂಕದ ಸೋಲಿನಲ್ಲಿ ಐದು ಇಂಟರ್‌ಸೆಪ್ಶನ್‌ಗಳ ಪಾಲು ಸಣ್ಣದಲ್ಲ. ಅದೇ ಬ್ಲಾಂಡಾಗೆ 1981ರಲ್ಲಿ ಆಟದ ಅತಿ ದೊಡ್ಡ ಗೌರವವಾದ ಹಾಲ್ ಆಫ್ ಫೇಮ್‌ನಲ್ಲಿ ಜಾಗ ಸಿಕ್ಕಿತು. ಒಂದು ಅಂಕಿ ಹಿಡಿದು ಮನುಷ್ಯನನ್ನು ಅಳೆಯಬಾರದು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಹೆಲ್ಮೆಟ್ ಒಳಗಿನ ದನಿ

ಹಿಂದೆ ಯಾವ ಆಟ ಆಡಬೇಕು ಅಂತ ಅಂಕಣದಲ್ಲೇ ನಿಂತು ತೀರ್ಮಾನ ಮಾಡುತ್ತಿದ್ದವರು ಹೆಚ್ಚಾಗಿ ಕ್ವಾರ್ಟರ್‌ಬ್ಯಾಕ್‌ಗಳೇ. ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡದ ಕೋಚ್ ಪಾಲ್ ಬ್ರೌನ್ ಇದನ್ನು ಬದಲಿಸಿದರು. ಪ್ರತಿ ಸಲವೂ ಒಬ್ಬ ಆಟಗಾರನ ಕೈಯಲ್ಲಿ ಹೇಳಿಕಳಿಸಿ, ಇಂಥದ್ದೇ ಆಡು ಎಂದು ಕ್ವಾರ್ಟರ್‌ಬ್ಯಾಕ್‌ಗೆ ತಿಳಿಸುತ್ತಿದ್ದರು. 1956ರಲ್ಲಿ ಅವರು ಕ್ವಾರ್ಟರ್‌ಬ್ಯಾಕ್ ಹೆಲ್ಮೆಟ್ ಒಳಗೆ ರೇಡಿಯೋ ಕೂರಿಸಿ ಮಾತಾಡಿದರು. ಲೀಗಿನ ಮುಖ್ಯಸ್ಥ ಬರ್ಟ್ ಬೆಲ್ ಅದನ್ನು ನಿಷೇಧಿಸಿದರು. 1994ರಲ್ಲಿ ಲೀಗೇ ಅದಕ್ಕೆ ಒಪ್ಪಿಗೆ ಕೊಟ್ಟಿತು. ಈಗ ಕ್ವಾರ್ಟರ್‌ಬ್ಯಾಕ್ ಹೆಲ್ಮೆಟ್ ಹಿಂದೆ ಒಂದು ಹಸಿರು ಚುಕ್ಕೆ ಇರುತ್ತದೆ. ಕೋಚ್ ದನಿ ಇವನ ಕಿವಿಗೆ ಬರುತ್ತದೆ ಎಂಬುದಕ್ಕೆ ಗುರುತು ಅದು.

ಅಂದರೆ ತೀರ್ಮಾನ ಮಾಡುವ ಅಧಿಕಾರ ಅಂಕಣದಿಂದ ಹೊರಗೆ ಹೋಯಿತು. ಬೈಗುಳ ಮಾತ್ರ ಅಂಕಣದಲ್ಲೇ ಉಳಿಯಿತು. ಇಂಟರ್‌ಸೆಪ್ಶನ್ ಆದರೆ ದಾಖಲೆಯಲ್ಲಿ ಬರುವುದು ಎಸೆದವನ ಹೆಸರು. ಜೊತೆಗಾರನ ಕೈಗೆ ತಾಗಿ ಪುಟಿದು ಹೋದರೂ ಅವನದ್ದೇ ಹೆಸರು. ನಮ್ಮ ಕ್ರಿಕೆಟ್ಟಿನ ರನೌಟ್ ನೆನಪಿಸಿಕೊಳ್ಳಿ. ಔಟಾದವನ ಹೆಸರು ಸ್ಕೋರ್ ಬುಕ್ಕಿನಲ್ಲಿ ಬರುತ್ತದೆ, ಇಲ್ಲದ ರನ್ನಿಗೆ ಕರೆದು ನಡುದಾರಿಯಲ್ಲಿ ಬಿಟ್ಟವನ ಹೆಸರು ಎಲ್ಲೂ ಇರುವುದಿಲ್ಲ.

ಆ 31 ಸೆಕೆಂಡಿನ ಒಳಗೆ

ಈಗ ಮತ್ತೆ 1978ಕ್ಕೆ ಹೋಗೋಣ. ಚೆಂಡನ್ನು ಝೋಂಕಾಗೆ ಕೊಡಬೇಕೆಂಬುದು ಪಿಸಾರ್ಸಿಕ್ ತೀರ್ಮಾನವಾಗಿರಲಿಲ್ಲ. ಅದನ್ನು ಹೇಳಿಕಳಿಸಿದ್ದು ಆಕ್ರಮಣದ ಕೋಚ್ ಬಾಬ್ ಗಿಬ್ಸನ್. ಅದಕ್ಕೆ ಸ್ವಲ್ಪ ಮೊದಲು ಪಿಸಾರ್ಸಿಕ್ ಚೆಂಡು ಹಿಡಿದು ಕೆಳಗೆ ಕೂತಾಗ ಈಗಲ್ಸ್ ಆಟಗಾರರು ಮೇಲೆ ಬಿದ್ದಿದ್ದರು. ಮತ್ತೆ ಹಾಗಾದರೆ ಕ್ವಾರ್ಟರ್‌ಬ್ಯಾಕ್‌ಗೆ ಪೆಟ್ಟಾದೀತು ಎಂಬುದು ಗಿಬ್ಸನ್ ಲೆಕ್ಕವಾಗಿತ್ತು ಎಂಬ ವಿವರಣೆ ಆಮೇಲೆ ಬಂತು.

ಆದೇಶ ಕೇಳಿ ಜೈಂಟ್ಸ್ ಆಟಗಾರರೇ ಬೇಡ ಅಂದರು. ನನಗೆ ಚೆಂಡು ಕೊಡಬೇಡ ಎಂದು ಝೋಂಕಾ ಕೂಡ ಹೇಳಿದ್ದರೆಂದು ಆ ಪಂದ್ಯದ ಕಥೆ ಹೇಳುವವರೆಲ್ಲ ಹೇಳುತ್ತಾರೆ. ಆದರೆ ಅದಕ್ಕೂ ಮೊದಲು ಒಮ್ಮೆ ಕಳಿಸಿದ ಆಟ ಬದಲಿಸಿದ್ದಕ್ಕೆ ಪಿಸಾರ್ಸಿಕ್ ಬೈಸಿಕೊಂಡಿದ್ದರು. ಇನ್ನೊಮ್ಮೆ ಮಾತು ಮೀರಲು ಅವರು ತಯಾರಿರಲಿಲ್ಲ. ಮೇಲಿನವರು ಹೇಳಿದ್ದು ತಪ್ಪು ಅಂತ ಗೊತ್ತಿದ್ದೂ, ಕೆಲಸ ಉಳಿಸಿಕೊಳ್ಳಲು ಹೂಂ ಅಂದವರು ನಮ್ಮ ಸುತ್ತಲೂ ಎಷ್ಟು ಮಂದಿ ಇಲ್ಲ?

ಚೆಂಡು ಕೈಗೆ ಸರಿಯಾಗಿ ಕೂರದೆ, ಕೊಡುವ ಹೊತ್ತಿಗೆ ತಪ್ಪಿದ್ದು ಪಿಸಾರ್ಸಿಕ್ ಪಾಲು. ಅದು ಅವರ ಕೆಲಸ, ಅದು ಕೆಟ್ಟಿತು. ಆದರೆ ಆ ಕೆಲಸವೇ ಆ ಹೊತ್ತಿಗೆ ಬೇಕಿರಲಿಲ್ಲ.

ಮಾರನೇ ದಿನವೇ ಗಿಬ್ಸನ್ ಕೆಲಸ ಹೋಯಿತು. ಅವರು ಮತ್ತೆಂದೂ ಫುಟ್‌ಬಾಲ್ ಕೋಚ್ ಆಗಲಿಲ್ಲ. ಋತು ಮುಗಿದ ಮೇಲೆ ಮುಖ್ಯ ಕೋಚ್ ಜಾನ್ ಮೆಕ್‌ವೇ ಕೂಡ ಹೋದರು. ಅಭಿಮಾನಿಗಳು ಟಿಕೆಟ್ ಸುಟ್ಟರು. ಇಷ್ಟು ವರ್ಷದ ಕೆಟ್ಟ ಆಟ ಸಾಕಾಯಿತು ಎಂದು ಬ್ಯಾನರ್ ಕಟ್ಟಿದ ವಿಮಾನವನ್ನು ಸ್ಟೇಡಿಯಂ ಮೇಲೆ ಹಾರಿಸಿದರು. ಅವರ ಸಿಟ್ಟು ಪಿಸಾರ್ಸಿಕ್‌ರನ್ನೂ ದಾಟಿ, ವರ್ಷಗಟ್ಟಲೆ ತಂಡವನ್ನು ಹಾಳುಗೆಡವಿದ ಮಾಲೀಕರವರೆಗೆ ಹೋಯಿತು. 1979ರಲ್ಲಿ ಆಡಳಿತಕ್ಕೆ ಜಾರ್ಜ್ ಯಂಗ್ ಬಂದರು, ತಂಡ ನಿಧಾನವಾಗಿ ಎದ್ದಿತು, 1987ರ ಜನವರಿಯಲ್ಲಿ ಸೂಪರ್ ಬೌಲ್ ಗೆದ್ದಿತು. ಪಿಸಾರ್ಸಿಕ್ 1980ರಲ್ಲಿ ಸೇರಿಕೊಂಡಿದ್ದು ಯಾವ ತಂಡ ಗೊತ್ತೇ? ಅದೇ ಈಗಲ್ಸ್!

ಇನ್ನೊಂದು ಸಣ್ಣ ಸಂಗತಿ. ಅದೇ ಪಂದ್ಯದ ಕೊನೆಯಲ್ಲಿ ಈಗಲ್ಸ್‌ನ ಕ್ವಾರ್ಟರ್‌ಬ್ಯಾಕ್ ರಾನ್ ಜವೋರ್ಸ್ಕಿ ಕೂಡ ಚೆಂಡು ಕಳೆದಿದ್ದರು. ಅವರ ಎಸೆತವನ್ನು ಜೈಂಟ್ಸ್‌ನ ಓಡಿಸ್ ಮೆಕಿನ್ನಿ ಹಿಡಿದಾಗಲೇ ಈಗಲ್ಸ್ ಕಥೆ ಮುಗಿಯಿತು ಎಂದು ಎಲ್ಲರೂ ಅಂದುಕೊಂಡಿದ್ದು. ಆ ತಪ್ಪನ್ನು ಈಗ ಯಾರು ನೆನೆಯುತ್ತಾರೆ? ಗೆದ್ದೆತ್ತಿನ ಬಾಲ ಹಿಡಿಯುವವರು ಎತ್ತು ನಡುವೆ ಎಡವಿದ್ದನ್ನು ಲೆಕ್ಕಕ್ಕಿಡುವುದಿಲ್ಲ.

ಮೂರು ಪಂದ್ಯ, ಮೂರು ಬಗೆಯ ತಪ್ಪು

ಎಲ್ಲ ಟರ್ನೋವರ್ ಒಂದೇ ಅಲ್ಲ ಅನ್ನುವುದು ತಿಳಿಯಲು ಈಚಿನ ಮೂರು ಪಂದ್ಯ ನೋಡೋಣ.

ಮೊದಲನೆಯದು 2010ರ ಜನವರಿ 24ರದ್ದು. ಮಿನೆಸೋಟ ವೈಕಿಂಗ್ಸ್ ಮತ್ತು ನ್ಯೂ ಆರ್ಲಿಯನ್ಸ್ ಸೇಂಟ್ಸ್ ನಡುವೆ, ಸೂಪರ್ ಬೌಲ್‌ಗೆ ಹೋಗಲು ನಡೆದ ಪಂದ್ಯ. ಅಂಕ 28–28, ಉಳಿದಿದ್ದು ಕೆಲವೇ ಸೆಕೆಂಡ್. ವೈಕಿಂಗ್ಸ್‌ನ 40 ವರ್ಷದ ಬ್ರೆಟ್ ಫಾರ್ವ್ ಬಲಕ್ಕೆ ಓಡುತ್ತಾ, ಮೈಗೆ ಅಡ್ಡಲಾಗಿ ಅಂಕಣದ ನಡುವಿಗೆ ಎಸೆದರು. ಟ್ರೇಸಿ ಪೋರ್ಟರ್ ಹಿಡಿದರು. ಹೆಚ್ಚುವರಿ ಅವಧಿಯಲ್ಲಿ ಸೇಂಟ್ಸ್ 31–28ರಿಂದ ಗೆದ್ದಿತು. ಇಲ್ಲಿ ಫಾರ್ವ್ ಚೆಂಡನ್ನು ಹೊರಗೆ ಎಸೆಯಬಹುದಿತ್ತು, ಕೆಳಗೆ ಕೂರಬಹುದಿತ್ತು. ಅಪಾಯದ ಎಸೆತ ಆರಿಸಿಕೊಂಡಿದ್ದು ಅವರೇ. ಹೊಣೆಯೂ ಅವರದೇ. ಆದರೆ ಆ ದಿನ ವೈಕಿಂಗ್ಸ್ ಒಟ್ಟು ಐದು ಸಲ ಚೆಂಡು ಕಳೆದಿತ್ತು, ಅದರಲ್ಲಿ ಮೂರು ಫಂಬಲ್. ಆ ಎಸೆತಕ್ಕೆ ಸ್ವಲ್ಪ ಮೊದಲು ಲೆಕ್ಕಕ್ಕಿಂತ ಒಬ್ಬ ಹೆಚ್ಚು ಆಟಗಾರ, ಅಂದರೆ 12 ಮಂದಿ, ಗುಂಪಿನಲ್ಲಿ ನಿಂತು ದಂಡ ಕಟ್ಟಿ ಐದು ಗಜ ಹಿಂದಕ್ಕೆ ಬಂದಿದ್ದರು. ಎಸೆತದ ತಪ್ಪು ಫಾರ್ವ್‌ದು, ಸೋಲು ಇಡೀ ತಂಡದ್ದು.

ಎರಡನೆಯದು 2015ರ ಫೆಬ್ರುವರಿ 1ರ ಸೂಪರ್ ಬೌಲ್. ಸಿಯಾಟಲ್ ಸೀಹಾಕ್ಸ್ ಗೆಲ್ಲಲು ಬೇಕಿದ್ದುದು ಒಂದೇ ಒಂದು ಗಜ. ಗುದ್ದಿಕೊಂಡು ಓಡುವುದರಲ್ಲಿ ಹೆಸರಾದ ಮಾರ್ಷಾನ್ ಲಿಂಚ್ ಪಕ್ಕದಲ್ಲೇ ಇದ್ದರು. ಕೋಚ್‌ಗಳು ಎಸೆಯುವ ಆಟ ಹೇಳಿದರು. ರಸೆಲ್ ವಿಲ್ಸನ್ ಎಸೆದರು. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ನ ಹೊಸ ಹುಡುಗ ಮಾಲ್ಕಮ್ ಬಟ್ಲರ್ ಮುಂದೆ ನುಗ್ಗಿ ಹಿಡಿದುಬಿಟ್ಟರು. ಪೇಟ್ರಿಯಟ್ಸ್ 28–24ರಿಂದ ಗೆದ್ದಿತು. ಬಟ್ಲರ್ ಇದೇ ಆಟವನ್ನು ಅಭ್ಯಾಸದಲ್ಲಿ ಎದುರಿಸಿ, ಅಲ್ಲಿ ಸೋತು ಪಾಠ ಕಲಿತಿದ್ದವರು. ಕೋಚ್ ಪೀಟ್ ಕ್ಯಾರಲ್ ಆ ರಾತ್ರಿಯೇ, ತೀರ್ಮಾನ ನನ್ನದು ಎಂದು ಹೊಣೆ ಹೊತ್ತರು.

ಮೂರನೆಯದು 2017ರ ಫೆಬ್ರುವರಿ 5ರ ಸೂಪರ್ ಬೌಲ್. ಅಟ್ಲಾಂಟಾ ಫಾಲ್ಕನ್ಸ್ ಒಂದು ಹಂತದಲ್ಲಿ 28–3ರಿಂದ ಮುಂದಿತ್ತು. 28–12 ಆಗಿದ್ದಾಗ ಅವರ ಕ್ವಾರ್ಟರ್‌ಬ್ಯಾಕ್ ಮ್ಯಾಟ್ ರಯಾನ್ ಎಸೆಯಲು ಕೈ ಎತ್ತಿದರು. ತಡೆಯಬೇಕಿದ್ದ ಡೆವೊಂಟಾ ಫ್ರೀಮನ್ ತಡೆ ತಪ್ಪಿಸಿಕೊಂಡರು. ಡೊಂಟಾ ಹೈಟವರ್ ನುಗ್ಗಿ ಚೆಂಡು ಬೀಳಿಸಿದರು. ಪೇಟ್ರಿಯಟ್ಸ್ ಅಲ್ಲಿಂದ ಎದ್ದು 34–28ರಿಂದ ಗೆದ್ದಿತು. ರಯಾನ್ ಬೆನ್ನಿಗೆ ಆ ಫಂಬಲ್ ಅಂಟಿಕೊಂಡಿತು. ಅದೇ ಪಂದ್ಯದಲ್ಲಿ ಗೆದ್ದ ಕಡೆಯ ಟಾಮ್ ಬ್ರಾಡಿ ಎಸೆದ ಚೆಂಡನ್ನು ಫಾಲ್ಕನ್ಸ್‌ನ ರಾಬರ್ಟ್ ಆಲ್ಫರ್ಡ್ ಹಿಡಿದು 82 ಗಜ ಓಡಿ ಅಂಕ ಗಳಿಸಿದ್ದರು. ಬ್ರಾಡಿಗೆ ಪಂದ್ಯಶ್ರೇಷ್ಠ ಪ್ರಶಸ್ತಿ ಬಂತು.

ಹಾಗಾದರೆ ಹೊಣೆ ಯಾರದು?

ಕ್ವಾರ್ಟರ್‌ಬ್ಯಾಕ್ ತಪ್ಪೇ ಮಾಡುವುದಿಲ್ಲ ಎಂದು ನಾವು ಹೇಳುತ್ತಿಲ್ಲ. ಚೆಂಡು ಅವನ ಕೈಯಲ್ಲಿರುತ್ತದೆ, ಹೆಚ್ಚು ಹೆಸರು, ಹೆಚ್ಚು ಸಂಬಳವೂ ಅವನದೇ. ಗೆದ್ದಾಗ ಹೆಗಲ ಮೇಲೆ ಕೂತವನು ಸೋತಾಗ ಇಳಿದು ಓಡಿಹೋಗುವಂತಿಲ್ಲ. ಫಾರ್ವ್ ಆ ದಿನ ಎಸೆದ ಚೆಂಡಿಗೆ ಇನ್ನೊಬ್ಬರನ್ನು ದೂರಲಾಗದು.

ಆದರೆ ಬೈಯುವ ಮೊದಲು ಮೂರು ಪ್ರಶ್ನೆ ಕೇಳಬೇಕು. ಈ ಆಟ ಆಡು ಎಂದವರು ಯಾರು? ಆಡುವವನಿಗೆ ರಕ್ಷಣೆ ಕೊಡಬೇಕಿದ್ದವರು ಕೊಟ್ಟರೇ? ಇದೇ ತಂಡ ಗೆದ್ದಿದ್ದರೆ ಇದೇ ತಪ್ಪನ್ನು ನಾವು ತಪ್ಪು ಅನ್ನುತ್ತಿದ್ದೆವೇ? ಈ ಮೂರಕ್ಕೂ ಉತ್ತರ ಸಿಕ್ಕ ಮೇಲೆ ಏನು ಉಳಿಯುತ್ತದೋ ಅಷ್ಟು ಮಾತ್ರ ಕ್ವಾರ್ಟರ್‌ಬ್ಯಾಕ್ ಪಾಲು. ಉಳಿದದ್ದನ್ನೂ ಅವನಿಗೇ ಹೊರಿಸಿದರೆ ಎತ್ತಿಗೆ ಜ್ವರ ಬಂದಾಗ ಎಮ್ಮೆಗೆ ಬರೆ ಎಳೆದಂತೆ. ಎಮ್ಮೆಗೆ ನೋವಾಗುತ್ತದೆ, ಎತ್ತಿನ ಜ್ವರ ಇಳಿಯುವುದಿಲ್ಲ.

ಜ್ವರ ಇಳಿಸಿದ್ದು ಹೇಗೆ ಎಂಬುದಕ್ಕೂ 1978ರಲ್ಲೇ ಉತ್ತರ ಇದೆ. ಆವರೆಗೆ ಮಂಡಿ ಊರಿ ಸಮಯ ಕಳೆಯುವುದನ್ನು ಹಲವರು ಗಂಡಸುತನಕ್ಕೆ ಕಡಿಮೆ ಅಂದುಕೊಂಡಿದ್ದರು. ಆ ಸೋಲಿನ ನಂತರ ತಂಡಗಳು ಅದಕ್ಕೆಂದೇ ಒಂದು ವ್ಯೂಹ ರೂಪಿಸಿದವು. ಕ್ವಾರ್ಟರ್‌ಬ್ಯಾಕ್ ಸುತ್ತ ಒತ್ತಾಗಿ ಆಟಗಾರರು ನಿಲ್ಲುತ್ತಾರೆ. ಅಕಸ್ಮಾತ್ ಚೆಂಡು ಜಾರಿ ಎದುರಾಳಿಗೆ ಸಿಕ್ಕರೆ ಅವನನ್ನು ಹಿಡಿಯಲು ಹಿಂದೆ ದೂರದಲ್ಲಿ ಒಬ್ಬ ಕಾಯುತ್ತಾನೆ. ಈಗ ಅಮೆರಿಕದ ಯಾವ ಪಂದ್ಯ ನೋಡಿದರೂ, ಕೊನೆಯ ಸೆಕೆಂಡುಗಳಲ್ಲಿ ಮುಂದಿರುವ ತಂಡ ಹೀಗೆಯೇ ನಿಂತು ಮಂಡಿ ಊರುತ್ತದೆ. ಅದನ್ನು ವಿಜಯದ ವ್ಯೂಹ ಎಂದೇ ಕರೆಯುತ್ತಾರೆ.

ಗಿಬ್ಸನ್‌ರನ್ನು ಮನೆಗೆ ಕಳಿಸಲು ಒಂದು ದಿನ ಸಾಕಾಯಿತು. ಅದರಿಂದ ಜೈಂಟ್ಸ್‌ಗೆ ಆ ಪಂದ್ಯ ವಾಪಸ್ ಬರಲಿಲ್ಲ. ಹಿಂದೆ ಒಬ್ಬನನ್ನು ಕಾವಲಿಗೆ ನಿಲ್ಲಿಸಿದ್ದರಿಂದ ಮಾತ್ರ, ಆಮೇಲಿನ ಎಷ್ಟೋ ಕ್ವಾರ್ಟರ್‌ಬ್ಯಾಕ್‌ಗಳ ಕೈ ನಡುಗಿದರೂ ಪಂದ್ಯ ಉಳಿಯುತ್ತಿದೆ.